ವಿವೇಕದಿಂದಲೋ, ವಿವೇಚನೆಯಿಂದಲೋ?

ಪ್ರಶ್ನೆ: ಬೇಸಿಗೆಯ ಪ್ರಕಟಣೆಗಳಲ್ಲಿ ಒಮ್ಮೆ ‘ನೀರನ್ನು ವಿವೇಚನೆಯಿಂದ ಬಳಸಿ’ ಎಂದೂ ಇನ್ನೊಮ್ಮೆ ‘ವಿವೇಕದಿಂದ ಬಳಸಿ’ ಎಂದೂ ಇರುತ್ತದೆ. ಎರಡಕ್ಕೂ ಅರ್ಥ ಒಂದೆಯೇ? ನನ್ನ ಮಗಳು ಪ್ರಬಂಧದಲ್ಲಿ ‘ವಿವೇಕವಾಗಿ’ ಎಂದು ಬರೆದಿದ್ದಾಳೆ. ಅದು ಸರಿಯೇ?
– ಓದುಗರೊಬ್ಬರು, ಸಾಗರ

ಉತ್ತರ: ಎರಡೂ ಒಂದೇ ಸಂಸ್ಕೃತ ಧಾತುವಿನಿಂದ ಬಂದವು. ‘ವಿಚ್’ ಎಂದರೆ ಬೇರ್ಪಡಿಸು. ಅದಕ್ಕೆ ‘ವಿ’ ಉಪಸರ್ಗ ಸೇರಿದೆ. ನಿತ್ಯವನ್ನು ಅನಿತ್ಯದಿಂದ ಬೇರ್ಪಡಿಸಿ ತಿಳಿಯುವುದನ್ನು ವೇದಾಂತಿಗಳು ‘ನಿತ್ಯಾನಿತ್ಯವಸ್ತುವಿವೇಕ’ ಎಂದು ಕರೆದು, ಸಾಧನಚತುಷ್ಟಯದಲ್ಲಿ, ಎಂದರೆ ಬ್ರಹ್ಮಜ್ಞಾನವನ್ನು ಬಯಸುವವನಿಗೆ ಇರಬೇಕಾದ ನಾಲ್ಕು ಅರ್ಹತೆಗಳಲ್ಲಿ, ಮೊದಲನೆಯದಾಗಿ ಇಟ್ಟರು. ಕನ್ನಡದ ಬಳಕೆಯಲ್ಲಿ ಮಾತ್ರ ಇವೆರಡರ ದಾರಿ ತುಸು ಬೇರೆಯಾಗಿದೆ: ವಿವೇಕ ವ್ಯಕ್ತಿಯಲ್ಲಿ ನೆಲೆಗೊಂಡ ಗುಣ, ವಿವೇಚನೆ ಆ ಹೊತ್ತಿನಲ್ಲಿ ಅಳೆದು ತೂಗಿ ನೋಡುವ ಕ್ರಿಯೆ. ‘ಅಷ್ಟು ಕೆಣಕಿದರೂ ಅವಳು ವಿವೇಕದಿಂದ ನಡೆದುಕೊಂಡಳು’ ಎನ್ನುತ್ತೇವೆ. ‘ಅರ್ಜಿಗಳನ್ನು ವಿವೇಕದಿಂದ ಪರಿಶೀಲಿಸಿದರು’ ಎಂದರೆ ಕಿವಿಗೆ ಒಗ್ಗುವುದಿಲ್ಲ, ಅಲ್ಲಿ ‘ವಿವೇಚನೆಯಿಂದ’ ಎಂದೇ ಬರಬೇಕು. ಯಾವ ಕೆಲಸಕ್ಕೆ ನೀರು ಈಗಲೇ ಬೇಕು, ಯಾವುದನ್ನು ಮುಂದೂಡಬಹುದು ಎಂದು ಆರಿಸಲು ಹೇಳುವ ಪ್ರಕಟಣೆಗೂ ‘ವಿವೇಚನೆಯಿಂದ’ ಎಂಬುದೇ ಹೆಚ್ಚು ಒಪ್ಪುತ್ತದೆ. ‘ವಿವೇಕದಿಂದ’ ಎಂಬುದು ತಪ್ಪಲ್ಲ, ಆದರೆ ಅದರಲ್ಲಿ ಬುದ್ಧಿವಾದದ ಧಾಟಿ ಇಣುಕುತ್ತದೆ.

ಇದರ ಜೊತೆಗೆ ‘ವಿವೇಚನೆಯಂತೆ’ ಎಂಬ ರೂಪವನ್ನೂ ಗಮನಿಸಬೇಕು. ಸಂವಿಧಾನದ 163ನೇ ವಿಧಿಯ ಪ್ರಕಾರ ರಾಜ್ಯಪಾಲರು ಕೆಲವು ಸಂದರ್ಭಗಳಲ್ಲಿ ಮಂತ್ರಿಮಂಡಲದ ಸಲಹೆಯಂತಲ್ಲದೆ ತಮ್ಮ ವಿವೇಚನೆಯಂತೆ ನಡೆಯಬಹುದು. ತೀರ್ಮಾನ ಯಾರದು ಎಂಬುದನ್ನಷ್ಟೇ ಈ ‘ಅಂತೆ’ ಹೇಳುತ್ತದೆ. ಆ ತೀರ್ಮಾನ ಒಳ್ಳೆಯದೆಂಬ ಮೆಚ್ಚುಗೆ ಅದರಲ್ಲಿ ಇಲ್ಲ. ಆ ಮೆಚ್ಚುಗೆ ಬರುವುದು ‘ವಿವೇಚನೆಯಿಂದ’ ಎಂದಾಗ. ವಿವೇಚನೆಯಂತೆ ನಡೆದವರೆಲ್ಲರೂ ವಿವೇಚನೆಯಿಂದ ನಡೆದವರಲ್ಲ ಎಂಬುದಕ್ಕೆ ನಮ್ಮ ರಾಜಕಾರಣದಲ್ಲಿ ಉದಾಹರಣೆಗಳಿಗೆ ಬರವಿಲ್ಲ.

‘ವಿವೇಚನಾಪೂರ್ವಕವಾಗಿ’ ಎಂಬ ಉದ್ದದ ರೂಪವೂ ಸಾಧುವೇ. ಬಿಡಿಯಾಗಿ ಎಕಾರಾಂತವಾದ ‘ವಿವೇಚನೆ’ ಸಮಾಸದಲ್ಲಿ ‘ವಿವೇಚನಾ’ ಆಗುತ್ತದೆ; ಆದ್ದರಿಂದ ‘ವಿವೇಚನೆಪೂರ್ವಕ’ ಎಂದು ಬರೆಯಬಾರದು. ಆಡುಮಾತಿನ ‘ಹಿಂದುಮುಂದು ನೋಡಿ’ ಇದಕ್ಕೆ ಹತ್ತಿರವಾದರೂ ಎಚ್ಚರ ಬೇಕು: ‘ಸಾಲ ಕೊಡಲು ಹಿಂದುಮುಂದು ನೋಡಿದರು’ ಎಂದರೆ ಹಿಂಜರಿದರು ಎಂದೇ ಅರ್ಥ.

ಇನ್ನು ‘ವಿವೇಕವಾಗಿ’. ‘ಸಂತೋಷದಿಂದ’, ‘ಸಂತೋಷವಾಗಿ’ ಎರಡೂ ರೂಢಿಯಲ್ಲಿರುವುದರಿಂದ ನಿಮ್ಮ ಮಗಳು ಆ ಜಾಡನ್ನೇ ಹಿಡಿದಿರಬೇಕು. ಆದರೆ ಶಿಷ್ಟ ಬರಹದಲ್ಲಿ ‘ವಿವೇಕವಾಗಿ’ ನೆಲೆಯೂರಿಲ್ಲ. ಪ್ರಬಂಧದಲ್ಲಿ ‘ವಿವೇಕದಿಂದ’ ಎಂದು ತಿದ್ದಿಸಿ.