ಒಂದೇ ರಾತ್ರಿಗೆ ಮುಗಿಯುವ ಪುಸ್ತಕ

ಶಿವಮೊಗ್ಗದ ನಿವೃತ್ತ ಇಂಗ್ಲಿಷ್ ಉಪನ್ಯಾಸಕರೊಬ್ಬರ ಪತ್ರದ ಸಾರ ಇದು: "ಕಳೆದ ಸಂಚಿಕೆಯಲ್ಲಿ ಫ್ರೀಡಾ ಮೆಕ್‌ಫಾಡನ್ ಅವರ 'ದಿ ಹೌಸ್‌ಮೇಡ್' ಕಾದಂಬರಿಗೆ ಎರಡು ಪುಟ ಕೊಟ್ಟಿದ್ದೀರಿ. ನನ್ನ ಮಗಳು ಇಂಥ ಸೈಕಾಲಜಿಕಲ್ ಥ್ರಿಲ್ಲರ್‌ಗಳನ್ನು, ಅಂದರೆ ಮನಸ್ಸಿನ ಸುತ್ತ ಹೆಣೆದ ರೋಚಕ ಕಥೆಗಳನ್ನು, ರಾತ್ರಿ ಹಿಡಿದರೆ ಬೆಳಗಾಗುವುದರೊಳಗೆ ಮುಗಿಸುತ್ತಾಳೆ. ವಾರ ಬಿಟ್ಟು ಕೇಳಿದರೆ ಪಾತ್ರಗಳ ಹೆಸರೂ ನೆನಪಿರುವುದಿಲ್ಲ. ಓದು ಇಷ್ಟು ಸಲೀಸಾದರೆ ತಲೆಗೆ ಕೆಲಸ ಎಲ್ಲಿ? ಹೆಸರಿನಲ್ಲಿ ಮನಸ್ಸಿದೆ, ಪುಸ್ತಕದಲ್ಲಿ ಎಲ್ಲಿದೆ? ಇಂಥವಕ್ಕೆ ಜಾಗ ಕೊಡುವುದನ್ನು ನಿಲ್ಲಿಸಿ."

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಜಾಗ ಕೊಡುವುದನ್ನು ನಿಲ್ಲಿಸುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಕೊನೆಯ ಪ್ರಶ್ನೆ ಗಟ್ಟಿಯಾಗಿದೆ, ಅದಕ್ಕೇ ಇಷ್ಟುದ್ದ ಉತ್ತರ.

ಆ ವಿಮರ್ಶೆಗೆ ಬಂದ ಪತ್ರ ನಿಮ್ಮದೊಂದೇ ಅಲ್ಲ. ಹಾಸನದ ಒಬ್ಬರು ಮಗು ಹುಟ್ಟಿದ ಮೇಲೆ ಪುಸ್ತಕವನ್ನೇ ಮುಟ್ಟಿರಲಿಲ್ಲವಂತೆ. ಇದನ್ನು ಹಿಡಿದ ಮೇಲೆ ಮತ್ತೆ ಓದಿನ ರುಚಿ ಹತ್ತಿತು ಎಂದು ಬರೆದಿದ್ದಾರೆ. ಧಾರವಾಡದ ಇನ್ನೊಬ್ಬರು ಮಾನಸಿಕ ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಅವರ ಪತ್ರ ನಿಮ್ಮದಕ್ಕಿಂತ ಖಾರ. ಅದಕ್ಕೆ ಆಮೇಲೆ ಬರುತ್ತೇನೆ.

ಸಲೀಸಿನ ಮಾತು ಮೊದಲು. ಕಾದಂಬರಿ ಓದದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಪೆರೋಲ್ ಮೇಲೆ ಹೊರಬಂದ ಮಿಲ್ಲಿ ಅಮೆರಿಕದ ಶ್ರೀಮಂತರೊಬ್ಬರ ಮನೆಗೆ ಕೆಲಸಕ್ಕೆ ಸೇರುತ್ತಾಳೆ. ಮಲಗಲು ಅಟ್ಟದ ಮೇಲೆ ಪುಟ್ಟ ಕೋಣೆ. ಕಿಟಕಿ ತೆರೆಯುವುದಿಲ್ಲ. ಬಾಗಿಲಿಗೆ ಬೀಗ ಇರುವುದು ಹೊರಗಡೆಯಿಂದ. ಅಷ್ಟು ಗೊತ್ತಾದರೆ ಸಾಕು, ಮುಂದೆ ಯಾವತ್ತೋ ಒಂದು ದಿನ ಯಾರೋ ಅದನ್ನು ಹಾಕಿಯೇ ಹಾಕುತ್ತಾರೆ ಎಂದು ನಮಗೆ ಅನ್ನಿಸಿಬಿಡುತ್ತದೆ. ಯಜಮಾನಿ ಎಷ್ಟೇ ನಗುತ್ತಾ ಮಾತಾಡಲಿ, ನಮ್ಮ ಕಣ್ಣು ಆ ಬೀಗದ ಮೇಲೇ ಇರುತ್ತದೆ. ಉದ್ದುದ್ದ ವರ್ಣನೆ ಇಲ್ಲದೆ ಓದುಗನನ್ನು ಹೀಗೆ ಕಟ್ಟಿಹಾಕುವುದು ಸುಮ್ನೆ ಬರುವ ವಿದ್ಯೆಯಲ್ಲ. ಮೆಕ್‌ಫಾಡನ್ ಎಂಬುದು ಇಟ್ಟುಕೊಂಡ ಹೆಸರು; ಬರೆಯುವವರು ಮಿದುಳಿಗೆ ಬಿದ್ದ ಪೆಟ್ಟಿಗೆ ಚಿಕಿತ್ಸೆ ಕೊಡುವ ವೈದ್ಯೆ. 2013ರಲ್ಲಿ ತಾವೇ ಪುಸ್ತಕ ಪ್ರಕಟಿಸಲು ಶುರುಮಾಡಿದರು. 'ಹೌಸ್‌ಮೇಡ್' ಬಂದದ್ದು 2022ರಲ್ಲಿ. ನಡುವಿನ ಅಷ್ಟೂ ವರ್ಷ ಕೈ ಪಳಗಿಸಿಕೊಂಡಿದ್ದಾರೆ.

ನಿಮ್ಮ ಸಿಟ್ಟಿಗೆ ದೊಡ್ಡ ಪರಂಪರೆಯೇ ಇದೆ ಬಿಡಿ. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1944ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ, ಜನ ಈ ಪತ್ತೇದಾರಿ ಕಥೆಗಳನ್ನು ಯಾಕಾದರೂ ಓದುತ್ತಾರೋ ಎಂದು ಬರೆದರು. ಓದುಗರು ಮುಗಿಬಿದ್ದರು. ನೀವು ಓದಿದ್ದೇ ತಪ್ಪು ಪುಸ್ತಕ, ಇದನ್ನು ಓದಿ, ಅದನ್ನು ಓದಿ ಎಂದು ರಾಶಿ ಪತ್ರ. ವಿಲ್ಸನ್ ಓದಿದರು. ಬಹಳ ಮಂದಿ ಹೇಳಿದ್ದರೆಂದು ಡೊರೋತಿ ಸೇಯರ್ಸ್ ಅವರ 'ದಿ ನೈನ್ ಟೇಲರ್ಸ್' ಹಿಡಿದು, ಬೇಜಾರಾಗಿ ಪುಟ ಹಾರಿಸಿದರು. 1945ರ ಜನವರಿಯಲ್ಲಿ ಮತ್ತೆ ಬರೆದು, ಈ ಚಟವನ್ನು ಸಿಗರೇಟಿಗೂ ಪದಬಂಧಕ್ಕೂ ನಡುವೆ ಎಲ್ಲೋ ಕೂರಿಸಿದರು. ಅವರು ಬೈದ ಅಗಾಥಾ ಕ್ರಿಸ್ಟಿ ಇವತ್ತಿಗೂ ಖರ್ಚಾಗುತ್ತಿದ್ದಾರೆ. ವಿಲ್ಸನ್ ಅವರೂ ದೊಡ್ಡವರೇ. ಆದರೂ ಪುಟ ಹಾರಿಸಿ ಓದಿದವರ ತೀರ್ಪು ನನಗೆ ಅಷ್ಟು ಸರಿಕಾಣುವುದಿಲ್ಲ.

ಹೆಸರು ಮರೆತುಹೋಗುವ ದೂರನ್ನು ನಾನು ಜಾಸ್ತಿ ಹಚ್ಚಿಕೊಳ್ಳುವುದಿಲ್ಲ. ಪರೀಕ್ಷೆಗೆ ಓದಿದ ಎಷ್ಟು ಘನವಾದ ಕಾದಂಬರಿಗಳ ಪಾತ್ರಗಳು ನಮ್ಮ ನೆನಪಿನಲ್ಲಿವೆ ಹೇಳಿ? ನಾನು ಕೇಳುವ ಪ್ರಶ್ನೆ ಬೇರೆ. ಎರಡನೇ ಸಲ ಓದಿದರೆ ಪುಸ್ತಕ ನಿಲ್ಲುತ್ತದೆಯೇ? 1926ರಲ್ಲಿ ಕ್ರಿಸ್ಟಿಯವರ 'ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್' ಬಂದಾಗಲೂ ಓದುಗರು ಎರಡು ಪಾಳಯ. ಇದು ಮೋಸ ಎಂದು ಕೆಲವರು ಕೂಗಾಡಿದರು. ಎಲ್ಲರನ್ನೂ ಅನುಮಾನಿಸುವುದು ಓದುಗನ ಕೆಲಸ ಎಂದು ಕ್ರಿಸ್ಟಿಯವರ ಪರ ನಿಂತವರು ಅದೇ ಸೇಯರ್ಸ್. ಗುಟ್ಟು ಗೊತ್ತಾದ ಮೇಲೆ ಆ ಪುಸ್ತಕವನ್ನು ಇನ್ನೊಮ್ಮೆ ತೆಗೆದು ನೋಡಿ. ಕಥೆ ಹೇಳುವವನು ಎಲ್ಲೂ ಸುಳ್ಳಾಡಿಲ್ಲ. ಎಷ್ಟು ಹೇಳಬೇಕೋ ಅಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿದ್ದಾನೆ.

'ಹೌಸ್‌ಮೇಡ್' ಈ ಪರೀಕ್ಷೆಯಲ್ಲಿ ಅರ್ಧ ಪಾಸು. (ಇನ್ನೂ ಓದದವರು ಈ ಪ್ಯಾರಾವನ್ನೂ ಮುಂದಿನದನ್ನೂ ಬಿಡಿ.) ಮಿಲ್ಲಿ 'ನಾನು' ಎಂದೇ ಕಥೆ ಹೇಳುತ್ತಾಳೆ. ಆದರೆ ಜೈಲಿಗೆ ಹೋದದ್ದು ಯಾಕೆ ಎಂಬುದನ್ನು ಬಹಳ ಹೊತ್ತು ಬಚ್ಚಿಡುತ್ತಾಳೆ. ತನ್ನೊಳಗೇ ಯೋಚಿಸುವವಳು ತನ್ನಿಂದ ತಾನೇ ಏನು ಮುಚ್ಚಿಡುವುದು? ಇಲ್ಲಿ ಲೇಖಕಿಯ ಕೈ ಕಾಣಿಸುತ್ತದೆ.

ಉಳಿದರ್ಧಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಯಜಮಾನಿ ನೀನಾ ಹಿಂದೆ ಮಾನಸಿಕ ಆಸ್ಪತ್ರೆಯಲ್ಲಿದ್ದಳಂತೆ ಎಂದು ಅಕ್ಕಪಕ್ಕದ ಹೆಂಗಸರು ಆಡಿಕೊಳ್ಳುತ್ತಾರೆ. ಮಿಲ್ಲಿ ನಂಬುತ್ತಾಳೆ. ನಾವೂ ನಂಬುತ್ತೇವೆ, ಒಂದು ಕ್ಷಣವೂ ತಡಮಾಡದೆ. ಅಷ್ಟು ಒಳ್ಳೆಯ ಗಂಡ, ಪಾಪ, ಇಂಥವಳ ಜೊತೆ ಹೇಗೆ ಬಾಳುತ್ತಿದ್ದಾನೋ ಎಂದೂ ಅಂದುಕೊಳ್ಳುತ್ತೇವೆ. ಎರಡನೇ ಭಾಗದಲ್ಲಿ ನೀನಾಳೇ ಕಥೆ ಹೇಳಲು ಶುರುಮಾಡುತ್ತಾಳೆ. ಅಲ್ಲಿಗೆ ನಾವು ಸಿಕ್ಕಿಬೀಳುತ್ತೇವೆ. ಅವಳಿಗೆ ಹುಚ್ಚು ಅಂದದ್ದು ಯಾರು, ಅದರಿಂದ ಲಾಭ ಯಾರಿಗೆ ಎಂದು ನಾವು ಕೇಳಿಯೇ ಇರಲಿಲ್ಲ. ನಿಮ್ಮ "ಮನಸ್ಸು ಎಲ್ಲಿದೆ" ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ ಜಾಗ. ಪುಸ್ತಕ ಇಲ್ಲಿ ಇನ್ನೊಂದಿಷ್ಟು ಹೊತ್ತು ನಿಲ್ಲಬೇಕಿತ್ತು ಎಂಬುದೇ ನನ್ನ ತಕರಾರು. ನಿಲ್ಲುವುದಿಲ್ಲ. ಮುಂದಿನ ತಿರುವಿಗೆ ಓಡಿಬಿಡುತ್ತದೆ.

ಈಗ ಧಾರವಾಡದವರ ಪತ್ರ. ಅವರ ಸಿಟ್ಟು ಹೆಚ್ಚಾಗಿ 2019ರ 'ದಿ ಸೈಲೆಂಟ್ ಪೇಷಂಟ್' ಮೇಲೆ. ಗಂಡನಿಗೆ ಐದು ಗುಂಡು ಹೊಡೆದು ಮಾತೇ ನಿಲ್ಲಿಸಿದ ಚಿತ್ರಕಾರ್ತಿಯನ್ನು ಮಾತಾಡಿಸಲು ಹೊರಡುವ ಚಿಕಿತ್ಸಕನ ಕಥೆ ಅದು. ಆತ ರೋಗಿಯ ನಂಟರಿಷ್ಟರ ಮನೆಗೆಲ್ಲ ಹೋಗಿ ಪತ್ತೇದಾರನ ಹಾಗೆ ವಿಚಾರಿಸುತ್ತಾನೆ. "ನಮ್ಮಲ್ಲಿ ಹೀಗೆ ಮಾಡಿದವರನ್ನು ಮಾರನೇ ದಿನ ಕೆಲಸದಿಂದ ತೆಗೆಯುತ್ತಾರೆ" ಎನ್ನುತ್ತಾರೆ ಅವರು. ಅದು ಕಥೆಯ ಸ್ವಾತಂತ್ರ್ಯ ಎಂದು ಬಿಡಬಹುದು. ಅವರ ಮುಂದಿನ ಮಾತು ಬಿಡುವಂಥದ್ದಲ್ಲ. ಇಂಥ ಕಾದಂಬರಿಗಳಲ್ಲಿ ಮಾತ್ರೆ ನುಂಗುವವರು ಒಂದೋ ಕೊಲೆಗಾರರು, ಇಲ್ಲವೇ ಕೊಲೆಗಾರರೆಂದು ನಮ್ಮನ್ನು ನಂಬಿಸಲು ಇಟ್ಟವರು. ಡಿಸ್ಚಾರ್ಜ್ ಆಗಿ, ಮನೆಗೆ ಹೋಗಿ, ಅನ್ನ ಮಾಡಿಕೊಂಡು, ಕೆಲಸಕ್ಕೆ ಹೋಗುವ ರೋಗಿ ಎಲ್ಲೂ ಇಲ್ಲ. ಅವರ ವಾರ್ಡಿನಿಂದ ಹೊರಡುವವರಲ್ಲಿ ಹೆಚ್ಚಿನವರು ಅಂಥವರೇ ಅಂತೆ.

ಪೂರ್ತಿ ಹಾಗಿಲ್ಲ ಎನ್ನಲು 2015ರ 'ದಿ ಗರ್ಲ್ ಆನ್ ದಿ ಟ್ರೇನ್' ಇದೆ. ಕುಡಿತದಿಂದ ನೆನಪು ಕಳೆದುಕೊಂಡ ರೇಚಲ್ ತನ್ನ ತಲೆಯನ್ನೇ ನಂಬದ ಸ್ಥಿತಿಗೆ ಹೇಗೆ ಬಂದಳು ಎಂಬುದೇ ಅಲ್ಲಿ ಕಥೆ. ಅದೂ ಸಲೀಸಾಗಿ ಓದಿಸಿಕೊಳ್ಳುತ್ತದೆ.

ಸಲೀಸು, ಜನಪ್ರಿಯ, ಮನಸ್ಸಿನ ಕಥೆ, ಈ ಮೂರೂ ಒಟ್ಟಿಗೆ ಸಾಧ್ಯವೇ ಎಂದು ನಾವು ಕನ್ನಡದವರು ಕೇಳಬೇಕಾಗಿಯೇ ಇಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದ ತ್ರಿವೇಣಿ 1963ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದನ್ನು ಮಾಡಿಟ್ಟು ಹೋಗಿದ್ದರು. 'ಶರಪಂಜರ'ದ ಕಾವೇರಿಗೆ ಹೆರಿಗೆಯ ನಂತರ ಮಾನಸಿಕ ಕಾಯಿಲೆ ಬರುತ್ತದೆ. ಚಿಕಿತ್ಸೆಯಾಗಿ, ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗಿದೆ ಎಂದು ನಂಬುವವರು ಯಾರೂ ಇಲ್ಲ. ಅವಳು ಜೋರಾಗಿ ಮಾತಾಡಿದರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಪುಟ್ಟಣ್ಣನವರ 1971ರ ಸಿನಿಮಾದಿಂದಾಗಿ ನಮಗೆ ಕಲ್ಪನಾ ಮುಖವೇ ನೆನಪಾಗುತ್ತದೆ. ಕಾದಂಬರಿಯನ್ನು ಬೇರೆಯಾಗಿಯೇ ಓದಬೇಕು. ನೀನಾಳ ಬಗ್ಗೆ ಆಡಿಕೊಂಡ ಹೆಂಗಸರು ಕಾವೇರಿಯ ಬೀದಿಯಲ್ಲೂ ಇದ್ದಾರೆ. ಮೆಕ್‌ಫಾಡನ್ ಓಡಿಹೋದ ಜಾಗದಲ್ಲಿ ತ್ರಿವೇಣಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ಆದರೂ ತ್ರಿವೇಣಿಯವರಿಂದಲೇ ಶುರುಮಾಡಿ ಎಂದು ಮಗಳಿಗೆ ಹೇಳಲಾರೆ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಶಾಲೆ ಕಲಿತ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಪಠ್ಯದೊಳಗೆ 'ಪತ್ತೇದಾರ ಪುರುಷೋತ್ತಮ'ನನ್ನು ಬಚ್ಚಿಟ್ಟುಕೊಂಡು ಓದಿದ ಮಕ್ಕಳೇ ಮುಂದೆ ಕಾರಂತ, ಭೈರಪ್ಪ ಎಂದು ಲೈಬ್ರರಿ ಹತ್ತಿದರು. ಎಲ್ಲರೂ ಹತ್ತಲಿಲ್ಲ, ನಿಜ. ಹತ್ತದವರೂ ಓದುತ್ತಲೇ ಇದ್ದರು, ಅದರಿಂದ ಯಾರಿಗೇನು ನಷ್ಟ?

ಧಾರವಾಡದವರ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತಿದ್ದೇವೆ. ಜೊತೆಗೆ ನಿಮ್ಮ ಮಗಳಿಂದಲೂ ಒಂದು ಪುಟ ಬರೆಸಿ ಕಳಿಸಿ. ನೀನಾಳ ಮೇಲೆ ಅವರಿಗೆ ಯಾವ ಪುಟದವರೆಗೆ ಕೋಪ ಇತ್ತು, ಎಲ್ಲಿ ಇಳಿಯಿತು, ಅಷ್ಟು ಬರೆದರೆ ಸಾಕು. 20ನೇ ತಾರೀಖಿನೊಳಗೆ ತಲುಪಿದರೆ ಎರಡನ್ನೂ ಅಕ್ಕಪಕ್ಕದಲ್ಲೇ ಹಾಕುತ್ತೇವೆ.