ಮಗುವಿನ ದೇಹ ತನಗೆ ಬೇಕಾದ ಔಷಧವನ್ನೇ ಏಕೆ ಹೊಡೆದೋಡಿಸುತ್ತದೆ?

‘ಮಗನಿಗೆ ತೀವ್ರ ಹಿಮೋಫಿಲಿಯಾ ಎ. ಫ್ಯಾಕ್ಟರ್ 8 ಚುಚ್ಚಿದರೂ ಈಗ ಮಂಡಿಯ ರಕ್ತಸ್ರಾವ ನಿಲ್ಲುತ್ತಿಲ್ಲ, ಇನ್ಹಿಬಿಟರ್ ಬಂದಿದೆ ಎಂದರು. ನಾವು ಎಲ್ಲಿ ತಪ್ಪಿದೆವು?’ ಎಂದು ಕೇಳಿದ್ದೀರಿ. (ಹಿಮೋಫಿಲಿಯಾ ಎ ಎಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನಿನ ಕೊರತೆ. ಇನ್ಹಿಬಿಟರ್ ಎಂದರೆ ಚುಚ್ಚಿದ ಆ ಪ್ರೋಟೀನನ್ನು ಕೆಲಸ ಮಾಡಲು ಬಿಡದ ಪ್ರತಿಕಾಯ.) ನೀವು ಎಲ್ಲಿಯೂ ತಪ್ಪಿಲ್ಲ. ನಾನು ವೈದ್ಯನಲ್ಲ, ಪ್ರೋಟೀನ್ ಔಷಧಗಳನ್ನು ರೂಪಿಸುವ ವಿಜ್ಞಾನಿ. ಆದರೆ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಯಾವುದು ತನ್ನದು, ಯಾವುದು ಪರರದು ಎಂಬುದನ್ನು ರೋಗನಿರೋಧಕ ವ್ಯವಸ್ಥೆ ಎಳವೆಯಲ್ಲೇ ಕಲಿಯುತ್ತದೆ. ನಿಮ್ಮ ಮಗನ ದೇಹ ಸರಿಯಾದ ಫ್ಯಾಕ್ಟರ್ 8 ಅನ್ನು ಎಂದೂ ತಯಾರಿಸಿಲ್ಲ. 2,332 ಅಮೈನೋ ಆಮ್ಲಗಳ ಈ ದೊಡ್ಡ ಪ್ರೋಟೀನ್ ಸೂಜಿಯಿಂದ ಒಳಗೆ ಬಂದಾಗ ರೋಗನಿರೋಧಕ ವ್ಯವಸ್ಥೆಗೆ ಕಾಣುವುದು ಅಪರಿಚಿತ ಮುಖ. ಹಾಗಾಗಿ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ತೀವ್ರ ರೂಪದ ಕಾಯಿಲೆಯಿರುವ ಮಕ್ಕಳಲ್ಲಿ ಸುಮಾರು ನೂರಕ್ಕೆ 25ರಿಂದ 30 ಮಂದಿಗೆ ಹೀಗಾಗುತ್ತದೆ, ಹೆಚ್ಚಾಗಿ ಔಷಧ ಕೊಟ್ಟ ಮೊದಲ 50 ದಿನಗಳೊಳಗೆ (ಔಷಧ ಕೊಟ್ಟ ದಿನಗಳಷ್ಟೇ ಲೆಕ್ಕಕ್ಕೆ). ಫ್ಯಾಕ್ಟರ್ 8ರ ಜೀನ್ ಎಷ್ಟು ಕೆಟ್ಟಿದೆ ಎಂಬುದರ ಪಾತ್ರ ದೊಡ್ಡದು.

ನನ್ನನ್ನು ಈ ಕ್ಷೇತ್ರಕ್ಕೆ ಸೆಳೆದದ್ದು ಒಂದು ಕೊಬ್ಬು: ಫಾಸ್ಫಾಟಿಡೈಲ್‌ಸೆರಿನ್. ನಮ್ಮ ಮೈಯಲ್ಲಿ ದಿನವೂ ಕೋಟ್ಯಂತರ ಜೀವಕೋಶಗಳು ಸಾಯುತ್ತವೆ, ಆದರೂ ಉರಿಯೂತವಿಲ್ಲ. ಸಾಯುವ ಕೋಶ ಪೊರೆಯ ಒಳಬದಿಯ ಈ ಕೊಬ್ಬನ್ನು ಹೊರಕ್ಕೆ ತೋರಿಸುತ್ತದೆ. ಅದನ್ನು ಕಂಡ ಕಾವಲು ಕೋಶಗಳು ಗದ್ದಲವೆಬ್ಬಿಸದೆ ನುಂಗಿಬಿಡುತ್ತವೆ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಸತಿ ಬಾಲು-ಅಯ್ಯರ್ ಅವರ ತಂಡ ಇದೇ ದಾರಿಯನ್ನು ಹಿಡಿಯಿತು: ಫ್ಯಾಕ್ಟರ್ 8 ಅನ್ನು ಈ ಕೊಬ್ಬಿನ ಕಣಗಳೊಂದಿಗೆ ಕೊಟ್ಟರೆ ದೇಹ ಅದನ್ನೂ ತನ್ನದೆಂದು ಸಹಿಸೀತೇ? ಹೆಪ್ಪುಗಟ್ಟುವಾಗ ಫ್ಯಾಕ್ಟರ್ 8 ಪ್ಲೇಟ್‌ಲೆಟ್‌ಗಳ ಮೇಲಿನ ಇದೇ ಕೊಬ್ಬಿಗೆ ಅಂಟಿಕೊಳ್ಳುವುದರಿಂದ ಎರಡನ್ನೂ ಬೆಸೆಯಲು ಬಲವಂತ ಬೇಕಿಲ್ಲ. ಹಿಮೋಫಿಲಿಯಾ ಇರುವ ಇಲಿಗಳಿಗೆ ಮೊದಲು ಈ ಮಿಶ್ರಣ ಕೊಟ್ಟು, ಆಮೇಲೆ ಬರಿಯ ಫ್ಯಾಕ್ಟರ್ 8 ಕೊಟ್ಟಾಗಲೂ ಪ್ರತಿಕಾಯಗಳು ಕಡಿಮೆಯಾದವು. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸದೆ, ಒಂದೇ ಒಂದು ಪ್ರೋಟೀನಿನ ಬಗ್ಗೆ ಅದಕ್ಕೆ ತಿಳಿಹೇಳುವುದು! ಇಷ್ಟು ಸೌಮ್ಯವಾದ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಇದಿನ್ನೂ ಮಕ್ಕಳ ಚಿಕಿತ್ಸೆಯಾಗಿಲ್ಲ. ಇದಕ್ಕಾಗಿ ಕಾಯುತ್ತ ಕೂರಬೇಡಿ.

ಇಂದು ಕೈಗೆಟುಕುವ ದಾರಿಗಳಿವೆ. 1970ರ ದಶಕದಲ್ಲಿ ಜರ್ಮನಿಯ ಬಾನ್‌ನಲ್ಲಿ ಆರಂಭವಾದ ಕ್ರಮದಲ್ಲಿ, ದೇಹ ಒಗ್ಗಿಕೊಳ್ಳುವವರೆಗೆ ತಿಂಗಳುಗಟ್ಟಲೆ ಫ್ಯಾಕ್ಟರ್ 8 ಕೊಡುತ್ತಾರೆ. ಹಲವು ಮಕ್ಕಳಲ್ಲಿ ಫಲಿಸುತ್ತದೆ, ಆದರೆ ದುಬಾರಿ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಮಿಸಿಜುಮಾಬ್ ಎಂಬ ಔಷಧ, ರಕ್ತ ಹೆಪ್ಪುಗಟ್ಟಿಸುವ ಬೇರೆ ಎರಡು ಪ್ರೋಟೀನ್‌ಗಳಾದ ಫ್ಯಾಕ್ಟರ್ 9 ಮತ್ತು 10ರ ನಡುವೆ ಸೇತುವೆಯಾಗಿ, ಫ್ಯಾಕ್ಟರ್ 8ರ ಕೆಲಸವನ್ನು ತಾನೇ ಮಾಡುತ್ತದೆ. ರೂಪ ಬೇರೆಯಾದ್ದರಿಂದ ಆ ಪ್ರತಿಕಾಯಗಳು ಅದನ್ನು ಗುರುತಿಸುವುದಿಲ್ಲ. ಚರ್ಮದಡಿ ಚುಚ್ಚಿದರೆ ಸಾಕು, ರಕ್ತನಾಳ ಹುಡುಕಬೇಕಿಲ್ಲ. ಇದು ಎಷ್ಟು ದೊಡ್ಡ ನೆಮ್ಮದಿಯೆಂದು ಪುಟ್ಟ ಮಕ್ಕಳ ತಾಯಂದಿರಿಗೆ ಗೊತ್ತು. ಆದರೆ ಇದು ರಕ್ತಸ್ರಾವವನ್ನು ತಡೆಯುವ ಔಷಧ, ಆಗಲೇ ಶುರುವಾದ ರಕ್ತಸ್ರಾವಕ್ಕೆ ಬೇರೆ ಮದ್ದು ಬೇಕು. ಇದು ಮೈಯಲ್ಲಿರುವಾಗ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಸಾಮಾನ್ಯ ಎಪಿಟಿಟಿ ಪರೀಕ್ಷೆ ದಾರಿ ತಪ್ಪಿಸುತ್ತದೆ. ಯಾವ ಆಸ್ಪತ್ರೆಗೆ ಹೋದರೂ ಮೊದಲೇ ತಿಳಿಸಿ.

ಮುಂದಿನ ಭೇಟಿಯಲ್ಲಿ ಬೆಥೆಸ್ಡಾ ಅಂಕಿ (ರಕ್ತದಲ್ಲಿ ಇನ್ಹಿಬಿಟರ್ ಎಷ್ಟು ಪ್ರಬಲವಾಗಿದೆ ಎಂಬುದರ ಅಳತೆ) ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ. ಅದು 5ಕ್ಕಿಂತ ಕಡಿಮೆಯಿದ್ದರೆ ಫ್ಯಾಕ್ಟರ್ 8ರ ಪ್ರಮಾಣ ಹೆಚ್ಚಿಸಿಯೇ ರಕ್ತಸ್ರಾವ ನಿಲ್ಲಿಸಲು ಆಗಬಹುದು. ಹೆಚ್ಚಿದ್ದರೆ ಬೇರೆ ಔಷಧದ ಮಾತು ಬರುತ್ತದೆ. ಸಂಖ್ಯೆ ಸಿಕ್ಕಿದ ಮೇಲೆ ಇಲ್ಲಿ ತಿಳಿಸಿ, ವೈದ್ಯರ ಬಳಿ ಮುಂದೆ ಏನೇನು ಕೇಳಬಹುದೆಂದು ಬರೆಯುತ್ತೇನೆ.