ಗಾಳಿ ಇಲ್ಲದಿದ್ದರೂ ಕಟ್ಟಿದ ಹಡಗು ಯಾಕೆ ಓಲಾಡುತ್ತದೆ?

ಪಣಂಬೂರಿನ ಬಂದರಿನಲ್ಲಿ ಗಾಳಿ ಇರಲಿಲ್ಲ, ನೀರೂ ಶಾಂತವಾಗಿತ್ತು, ಆದರೂ ಕಟ್ಟಿದ ಹಡಗು ಹಿಂದೆ ಮುಂದೆ ಸರಿಯುತ್ತಿತ್ತು, ಯಾಕೆ ಅಂತ ಕೇಳಿದ್ದೀರಿ. ಒಳ್ಳೆ ಗಮನ ನಿಮ್ಮದು.

ಹೆಚ್ಚಾಗಿ ಇದು ಕಣ್ಣಿಗೆ ಕಾಣದ ಅಲೆಯ ಕೆಲಸ. ದೂರದ ಸಮುದ್ರದಿಂದ ತೆರೆಗಳು ಗುಂಪುಗುಂಪಾಗಿ ಬರುತ್ತವೆ. ಅವುಗಳ ಜೊತೆ ಒಂದು ನಿಧಾನದ ಅಲೆಯೂ ಬರುತ್ತದೆ. ಅದು ಒಮ್ಮೆ ಏರಿ ಇಳಿಯಲು ಅರ್ಧ ನಿಮಿಷದಿಂದ ಕೆಲವು ನಿಮಿಷ ಬೇಕು. ಎತ್ತರ ಕೆಲವೇ ಸೆಂಟಿಮೀಟರ್ ಇರಬಹುದು. ಬಂದರಿನ ಕಲ್ಲಿನ ತಡೆಗೋಡೆ ಸಣ್ಣ ಅಲೆಗಳನ್ನು ತಡೆಯುತ್ತದೆ, ಇದು ಮಾತ್ರ ಬಾಯಿಯಿಂದ ಸುಮ್ನೆ ಒಳಗೆ ಬರುತ್ತದೆ.

ಹಗ್ಗಕ್ಕೆ ಕಟ್ಟಿದ ಹಡಗು ಸ್ಪ್ರಿಂಗಿಗೆ ಕಟ್ಟಿದ ತೂಕದ ಹಾಗೆ. ಅದಕ್ಕೂ ತನ್ನದೇ ಲಯ ಇರುತ್ತದೆ, ಸುಮಾರು ಒಂದು ನಿಮಿಷ ಅಥವಾ ಇನ್ನೂ ಜಾಸ್ತಿ. ಅಲೆಯ ಲಯ ಅದಕ್ಕೆ ಹೊಂದಿದರೆ ಉಯ್ಯಾಲೆ ತೂಗಿದಂತೆ ಆಗುತ್ತದೆ, ಅಲ್ವಾ? ಪ್ರತಿ ಸಲ ಸಣ್ಣ ತಳ್ಳು, ಕೊನೆಗೆ ಹಲವು ಅಡಿ ಓಡಾಟ.

ಗಾಳಿ, ಪ್ರವಾಹದ (ಅಂದರೆ ನೀರಿನ ಹರಿವಿನ) ಲೆಕ್ಕ ಬೇರೆ. ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಖಾಲಿ ಹಡಗು ನೀರಿನ ಮೇಲೆ ಎತ್ತರವಾಗಿ ನಿಲ್ಲುವುದರಿಂದ ಅದಕ್ಕೆ ಗಾಳಿಯ ಕಾಟ ಜಾಸ್ತಿ. ಸರಕು ತುಂಬಿದ್ದಕ್ಕೆ ಪ್ರವಾಹದ್ದು. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಹಾಗಾಗಿ ನಿಧಾನದ ಪ್ರವಾಹವೂ ಬಲವಾಗಿ ತಳ್ಳುತ್ತದೆ.

ಇನ್ನೊಮ್ಮೆ ಹೋದಾಗ ಹಗ್ಗವನ್ನೇ ನೋಡಿ. ಬಿಗಿಯಾದಾಗ ನೀರು ಹನಿಹನಿಯಾಗಿ ಹಿಂಡಿ ಬರುತ್ತದೆ, ಕಿರ್ ಅನ್ನುತ್ತದೆ, ಆಮೇಲೆ ಜೋತು ಬೀಳುತ್ತದೆ. ಆದರೆ ದಯವಿಟ್ಟು ದೂರದಿಂದಲೇ ನೋಡಿ. ಬಿಗಿಯಾದ ನೈಲಾನ್ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ, ಜೀವವೇ ಹೋಗಬಹುದು.